ಪಣಿಕ್ಕರ್ ಚಿತ್ರದಲ್ಲಿರೋ ಅಕ್ಷರ ಯಾರಿಗಾದ್ರೂ ಓದೋಕೆ ಬರುತ್ತಾ?

ಸುಮ್ನೆ_ನೋಡೋನು: ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಗ್ಯಾಲರಿ ನೋಡ್ದೆ. 'ವರ್ಡ್ಸ್ ಅಂಡ್ ಸಿಂಬಲ್ಸ್' ಸರಣಿ ಮುಂದೆ ಕಾಲು ತಾಸು ನಿಂತಿದ್ದೇನೆ. ಜಾತಕದ ಮನೆಗಳಂಥ ಚೌಕ, ಸುತ್ತ ಇರುವೆ ಸಾಲಿನ ಹಾಗೆ ಮಲಯಾಳಂ. ಜೊತೆಗಿದ್ದ ಮಲಯಾಳಿ ಗೆಳೆಯನಿಗೆ ಓದಪ್ಪಾ ಅಂದ್ರೆ ಅವನೂ ತಲೆ ಕೆರ್ಕೊಂಡ. ಏನು ಬರೆದಿದಾರೆ ಅದ್ರಲ್ಲಿ?

ಬೋರ್ಡ್_ಬರೆಯೋನು: ಓದೋಕೆ ಆಗಬಾರದು ಅಂತಲೇ ಬರೆದಿದ್ದು ಸ್ವಾಮಿ. ಪಣಿಕ್ಕರ್ ಹುಟ್ಟಿದ್ದು 1911. ಮೊದಲು ನಿಸರ್ಗದ ಜಲವರ್ಣ, ಆಮೇಲೆ ಮನುಷ್ಯರ ಚಿತ್ರ, ಎಲ್ಲಾ ಆಗಿ ಐವತ್ತು ದಾಟಿದ ಮೇಲೆ, 1963ರ ಹೊತ್ತಿಗೆ ಈ ದಾರಿ ಹಿಡಿದರು. ಯಾವುದೋ ವಿದ್ಯಾರ್ಥಿಯ ಲೆಕ್ಕದ ನೋಟ್‌ಬುಕ್ ಕಣ್ಣಿಗೆ ಬಿದ್ದು ಶುರುವಾಯ್ತು ಅಂತಾರೆ.

ನಾನು ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವನು. 'ಶ್ರೀ ಮಂಜುನಾಥ ಸ್ಟೋರ್ಸ್' ಅಂತ ಓದ್ಕೊಂಡೇ ಬರೆದರೆ ಅಕ್ಷರದ ಸಂದು ಕೆಡುತ್ತೆ. ಅದಕ್ಕೇ ಕಾಗದದ ನಕ್ಷೆನ ತಲೆಕೆಳಗೆ ಹಿಡೀತಿದ್ವಿ. ಆಗ ಮಂಜುನಾಥ ಮಾಯ, ಬರೀ ಹೊಟ್ಟೆ, ಬಾಲ, ಕೊಂಬು. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ತಕ್ಷಣ ಗೊತ್ತಾಗುತ್ತೆ. ಪಣಿಕ್ಕರ್ ಕ್ಯಾನ್ವಾಸ್ ನನಗೆ ಹಾಗೇ ಕಾಣ್ಸೋದು, ತಿರುಗಿಸದೇನೇ. ಮಲಯಾಳಂಗೆ ನಮ್ಮ ತಲೆಕಟ್ಟು ಬೇರೆ ಇಲ್ಲ ನೋಡಿ, ಗೆರೆ ನಿಲ್ಲದೆ ಸುತ್ಕೊಂಡು ಹೋಗುತ್ತೆ.

ಹಳೇ_ಮೇಷ್ಟ್ರು: ಅರ್ಥ ಇಲ್ಲದ ಮೇಲೆ ಅದು ಕ್ಯಾಲಿಗ್ರಫಿ, ಅಂದ್ರೆ ಅಂದದ ಬರಹದ ಕಲೆ, ಹೇಗಾಗುತ್ತೆ? ನನ್ನ ಮೊಮ್ಮಗನೂ ಗೋಡೆ ತುಂಬ ಹಾಗೇ ಗೀಚಿದಾನೆ.

ಬೋರ್ಡ್_ಬರೆಯೋನು: ಮೇಷ್ಟ್ರೇ, ಮೊಮ್ಮಗ ಇನ್ನೂ ಅಕ್ಷರ ಕಲಿತಿಲ್ಲ, ಇವರು ಕಲಿತ ಮೇಲೆ ಕೈಬಿಟ್ಟಿದ್ದು. ಅಂದದ ಬರಹ ಅಂತೂ ಅಲ್ಲ, ಒಪ್ತೀನಿ. ದಿನಸಿ ಅಂಗಡಿಯವರು ಅವಸರದಲ್ಲಿ ಲೆಕ್ಕ ಬರೆದ ಹಾಗಿದೆ. ನನಗೆ ಇಷ್ಟವಾಗೋದೂ ಅದೇ. ಒಂದೊಂದು ಕಡೆ ಅತಿಯಾಯ್ತು ಅನ್ಸುತ್ತೆ, ಚೌಕ, ಮೀನು, ಅಂಕಿ ಎಲ್ಲಾ ಒಟ್ಟಿಗೇ ತುರುಕಿದಾರೆ.

ಸುಮ್ನೆ_ನೋಡೋನು: ಇವರಿಗೂ ನಮ್ಮ ಕಡೆಯವರಿಗೂ ಏನಾದ್ರೂ ನಂಟಿದೆಯಾ?

ಬೋರ್ಡ್_ಬರೆಯೋನು: ಇದೆ. ಮೈಸೂರಿನ ಚಿತ್ರಕಾರ ಎಸ್.ಜಿ. ವಾಸುದೇವ್ ಮದ್ರಾಸಿನ ಕಲಾಶಾಲೆಯಲ್ಲಿ ಓದಿದ್ದು ಪಣಿಕ್ಕರ್ ಪ್ರಿನ್ಸಿಪಾಲ್ ಆಗಿದ್ದಾಗಲೇ. 1966ರಲ್ಲಿ ಗುರು ಮದ್ರಾಸಿನ ಹತ್ತಿರ ಚೋಳಮಂಡಲ ಅನ್ನೋ ಕಲಾವಿದರ ಹಳ್ಳಿ ಕಟ್ಟಿದಾಗ ಜೊತೆಗೂಡಿದವರಲ್ಲಿ ಅವರೂ ಒಬ್ಬರು. ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾರಿ ಹೊಟ್ಟೆ ಹೊರೆದು, ಉಳಿದ ಹೊತ್ತಲ್ಲಿ ಚಿತ್ರ ಬರೀತಿದ್ದರು ಅಲ್ಲಿನವರು. ಫೋಟೊ ತೆಗೆದಿದ್ರೆ ಇಲ್ಲಿ ಹಾಕಿ, ತಲೆಕೆಳಗೆ ಮಾಡೇ ಹಾಕಿ.