ಜನರೇಟರ್ ಬಿಲ್ಲಿನ 36,000 ಯಾವ ಖಾತೆಗೆ?

ಕೇಳಿದವರು – ಬಳ್ಳಾರಿ, ಕೌಲ್ ಬಜಾರ್, ಜೀನ್ಸ್ ಹೊಲಿಗೆ

ನಮ್ದು ಹನ್ನೆರಡು ಮಷಿನ್ನಿನ ಯೂನಿಟ್. ಸೇಟುಗಳ ಬಟ್ಟೆ ತಂದು ಪೀಸ್ ರೇಟಿಗೆ ಹೊಲಿದು ಕೊಡ್ತೀವಿ. ಜಾಬ್ ವರ್ಕ್ ದುಡ್ಡು ವರ್ಷಕ್ಕೆ 20 ಲಕ್ಷ ದಾಟೋ ಹಂಗಾತು, ಸೆಪ್ಟೆಂಬರಲ್ಲಿ ಜಿಎಸ್‌ಟಿ ನಂಬರ್ ಮಾಡಿಸಿದೆ. ಅದಕ್ಕೂ ಮುಂಚೆ ಜೂನಲ್ಲಿ ಎರಡು ಓವರ್‌ಲಾಕ್ (ಬಟ್ಟೆ ಅಂಚು ಹೊಲಿಯೋ ಮಷಿನ್) ತಗಂಡಿದ್ದೆ, ಡಿಸೆಂಬರಲ್ಲಿ ಜನರೇಟರ್. ಜನರೇಟರ್ ಬಿಲ್ಲು 2,36,000, ಅದರಾಗೆ ಟ್ಯಾಕ್ಸು 36,000. ಎಲ್ಲಾನೂ ಖರ್ಚು ಅಂತ ಒಂದೇ ಸಾಲಲ್ಲಿ ಬರೆದಿದ್ದೆ. ಆಡಿಟರ್ ಪುಸ್ತಕ ವಾಪಸ್ ತಳ್ಳಿ, ‘ಇದು ಕಿರಾಣಿ ಚೀಟಿ ಅಲ್ಲಪ್ಪ’ ಅಂದ್ರು. ಅನುಭವ ಇರೋರು ಹೇಳ್ರಿ.

ಬಳ್ಳಾರಿ, ಮುಂಡರಗಿ ಕಡೆ, ಜೀನ್ಸ್ ವಾಷಿಂಗ್

ತಮ್ಮಾ, ನಾನೂ ಹಂಗೇ ಬರೀತಿದ್ದೆ. ಜನರೇಟರ್ ಖರ್ಚಲ್ಲ, ಆಸ್ತಿ. 2 ಲಕ್ಷ ಮಷಿನರಿ ಖಾತೆಗೆ, 36,000 ಇನ್‌ಪುಟ್ ಕ್ರೆಡಿಟ್ ಖಾತೆಗೆ. ಕ್ರೆಡಿಟ್ ಅಂದ್ರೆ ಕೊಳ್ಳುವಾಗ ಕೊಟ್ಟ ಟ್ಯಾಕ್ಸನ್ನ ನೀನು ಕಟ್ಟಬೇಕಾದ ಟ್ಯಾಕ್ಸಲ್ಲಿ ಕಳೆದುಕೊಳ್ಳೋದು. ಸಾಗಿಸಿದ ಬಾಡಿಗೆ, ಕೂರಿಸಿದ ಕೂಲಿ ಕೂಡ ಮಷಿನ್ ಬೆಲೆಗೇ ಸೇರಿಸು. ಸೂಜಿ, ಬೆಲ್ಟು, ಮೋಟರ್ ರಿವೈಂಡಿಂಗ್ ಇಂಥವು ಮಾತ್ರ ಆ ವರ್ಷದ ಖರ್ಚು.

ಮಷಿನ್ನಿಗೆ ಸವಕಳಿ, ಅಂದ್ರೆ ಬೆಲೆಯಾಗೆ ವರ್ಷ ವರ್ಷ ಖರ್ಚು ಅಂತ ಕಳೆಯೋ ಪಾಲು, ಶೇ. 15. ನೀನು ಡಿಸೆಂಬರಲ್ಲಿ ತಂದಿದೀಯ, ಮಾರ್ಚ್ ಒಳಗೆ 180 ದಿನ ಓಡಿರಲ್ಲ, ಅದಕ್ಕೆ ಈ ವರ್ಷ ಅರ್ಧ: 15,000. ಬರೋ ವರ್ಷ ಉಳಿದ 1,85,000ದ ಮೇಲೆ 15 ಅಂದ್ರೆ 27,750. ಟ್ಯಾಕ್ಸನ್ನೂ ಸೇರಿಸಿ 2,36,000ದ ಮೇಲೆ ಸವಕಳಿ ಹಾಕಿದ್ಯೋ, ಆ 36,000ದ ಕ್ರೆಡಿಟ್ ಕೇಳಂಗಿಲ್ಲ. ಎರಡರಾಗೆ ಒಂದೇ.

ನನ್ನ ಕತೆ ಕೇಳು. ಹೈಡ್ರೋ ಮಷಿನ್ (ಒಗೆದ ಬಟ್ಟೆ ನೀರು ಹಿಂಡೋದು) ತಂದೆ, 3 ಲಕ್ಷ, ಮೇಲೆ 54,000 ಟ್ಯಾಕ್ಸು. ಅಂಗಡಿಯೋನು ನನ್ನ ಹೆಸರಿಗೆ ಬಿಲ್ ಹರಿದ, ಫರ್ಮ್ ಹೆಸರಿಲ್ಲ, ಜಿಎಸ್‌ಟಿ ನಂಬರೂ ಇಲ್ಲ. ನಾನು ಮಷಿನ್ ಲಾರಿಯಿಂದ ಇಳಿಸೋ ಗಡಿಬಿಡಿಯಾಗೆ ಬಿಲ್ಲು ಮಡಚಿ ಜೇಬಿಗಿಟ್ಟೆ. ಗೊತ್ತಾಗಿದ್ದು ಮುಂದಿನ ವರ್ಷದ ಡಿಸೆಂಬರಿಗೆ. ಹಿಂದಿನ ವರ್ಷದ ಬಿಲ್ಲಿಗೆ ಕ್ರೆಡಿಟ್ ತಗೊಳ್ಳೋಕೆ ನವೆಂಬರ್ 30 ಕಡೇ ದಿನ, ವಾರ್ಷಿಕ ರಿಟರ್ನ್ ಮೊದಲೇ ಹಾಕಿದ್ರೆ ಇನ್ನೂ ಮುಂಚೆ. ತಿದ್ದಿಸೋಕೆ ಹೋದ್ರೆ ಅವನು ಟೀ ಕುಡಿಸಿ ಕಳಿಸಿದ. ಕಡೆಗೆ 54,000 ಮಷಿನ್ ಬೆಲೆಗೇ ಹೋತು. ಸವಕಳಿಯಾಗೆ ಚೂರುಪಾರು ಬರ್ತೈತೆ, ಅಷ್ಟೆ.

ನಿನ್ನ ಓವರ್‌ಲಾಕಿಗೆ ಆಸೆ ಬಿಡು. ನಂಬರ್ ಬರೋಕೆ ಮುಂಚೆ ಕೊಂಡ ಮಷಿನ್ನಿಗೆ ಕ್ರೆಡಿಟ್ ಇಲ್ಲ. ಅವನ್ನ ಟ್ಯಾಕ್ಸ್ ಸಮೇತ ಆಸ್ತಿಗೆ ಬರಿ.

ಸಿರುಗುಪ್ಪ, ಪ್ರಿಂಟಿಂಗ್ ಪ್ರೆಸ್

ಅಣ್ಣ ಹೇಳಿದ್ದು ರೆಗ್ಯುಲರ್‌ನೋರಿಗೆ. ನೀವು ಕಾಂಪೋಸಿಷನ್ (ಸಣ್ಣ ವ್ಯಾಪಾರಕ್ಕೆ ವಹಿವಾಟಿನ ಮೇಲೆ ಇಷ್ಟು ಅಂತ ಕಟ್ಟೋ ಸರಳ ಸ್ಕೀಮು) ತಗೊಂಡಿದ್ರೆ ಕ್ರೆಡಿಟ್ಟೇ ಇಲ್ಲ, ಗಿರಾಕಿ ಹತ್ರ ಟ್ಯಾಕ್ಸ್ ವಸೂಲಿ ಮಾಡಂಗೂ ಇಲ್ಲ. ಇನ್ನೊಂದು, ದುಡ್ಡು ಹೆಂಗೆ ಕೊಟ್ರಿ? ಒಂದೇ ದಿನ ಒಬ್ಬರಿಗೆ 10,000 ಮೇಲೆ ನಗದು ಕೊಟ್ಟಿದ್ರೆ ಅಷ್ಟೂ ದುಡ್ಡು ಮಷಿನ್ ಬೆಲೆಗೆ ಸೇರಲ್ಲ, ಸವಕಳಿನೂ ಸಿಗಲ್ಲ. ನಾನು ಹಳೇ ಕಟಿಂಗ್ ಮಷಿನ್ ನೋಟು ಎಣಿಸಿ ಕೊಟ್ಟು ತಂದೋನು. ಮಷಿನ್ ಚೆನ್ನಾಗೇ ಓಡ್ತೈತೆ, ಪುಸ್ತಕದಾಗೆ ಮಾತ್ರ ಇಲ್ಲ.

ಗಂಗಾವತಿ, ಅಕ್ಕಿ ಗಿರಣಿ

ನಮ್ಮ ತಕರಾರು ಬ್ಯಾರೆ ಐತ್ರಿ. ಲೇಬಲ್ ಹಚ್ಚಿ 25 ಕೆ.ಜಿ.ತನಕ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ಟ್ಯಾಕ್ಸು, ಬಿಡಿ ಅಕ್ಕಿಗಿಲ್ಲ, 26 ಕೆ.ಜಿ. ಚೀಲಕ್ಕೂ ಇಲ್ಲ. ಆ 26ರ ಚೀಲ ಯಾಕ ಹುಟ್ಟಿತು ಅಂತ ಈಗ ತಿಳೀತಲ್ಲ! ಎರಡೂ ನಮೂನಿ ಅಕ್ಕಿ ಒಂದೇ ಮಷಿನ್ನಿನ್ಯಾಗ ಬರ್ತದ ಅಂದ್ರ ಕ್ರೆಡಿಟ್ ಪೂರಾ ನಮ್ದಲ್ಲ. 60 ತಿಂಗಳಿಗೆ ಹಂಚಿ, ಟ್ಯಾಕ್ಸಿಲ್ಲದ ಮಾರಾಟದ ಪಾಲು ತಿಂಗಳಾ ತಿಂಗಳಾ ವಾಪಸ್ ಕಟ್ಟಬೇಕು. ನಿಮಗ ಬರೇ ಹೊಲಿಗಿ ಕೂಲಿ, ಈ ರಗಳಿ ಇಲ್ಲ.

ರಾಯಚೂರು, ಮೊದಲು ಅಂಗಡಿ ಲೆಕ್ಕ ಬರೀತಿದ್ದವರು

ವ್ಯಾಟ್, ಅಂದ್ರ ಜಿಎಸ್‌ಟಿಗಿಂತ ಮೊದಲಿನ ರಾಜ್ಯದ ಮಾರಾಟ ಟ್ಯಾಕ್ಸಿನ ಕಾಲದಿಂದ ಬರ್ದೀನಿ ನಾನು. 2017ರ ಜುಲೈ 1ಕ್ಕ ವ್ಯಾಟ್ ಹೋತು ಅಂತೀರಿ, ನಿಮ್ಮ ಜನರೇಟರಿಗೆ ಹಾಕೋ ಡೀಸೆಲ್‌ನ್ಯಾಗ ಇನ್ನೂ ಅದ. ಅದಕ್ಕ ಕ್ರೆಡಿಟ್ ಇಲ್ಲ, ಬಂಕಿನ ಚೀಟಿ ಪೂರಾ ಖರ್ಚಿಗೆ ಬರೀರಿ.

ನಾಳೆ ಜನರೇಟರ್ ಮಾರೂದಿದ್ರ ಇದು ನೆನಪಿಡ್ರಿ: ಮೂರು ತಿಂಗಳಿಗೆ ಶೇ. 5ರಂಗ ಕ್ರೆಡಿಟ್ ಸವೀತದ. ಎರಡು ವರ್ಷಕ್ಕ 40 ಹೋಗಿ 60 ಉಳೀತದ, ಅಂದ್ರ 21,600. ನೀವು 1 ಲಕ್ಷಕ್ಕ ಮಾರಿದ್ರ ಅದರ ಟ್ಯಾಕ್ಸು 18,000. ಎರಡರಾಗ ಯಾವುದು ಜಾಸ್ತಿನೋ ಅದನ್ನ ಕಟ್ಟಬೇಕು. ಭಾಳ ಮಂದಿಗೆ ಮಾರಿದ ಮ್ಯಾಲೆ ಎಚ್ಚರಾಗ್ತದ.

ಮೊದಲು ಒಂದು ಕೆಲಸ ಮಾಡ್ರಿ. ಆ ಬಿಲ್ಲು 2ಬಿಯೊಳಗ, ಅಂದ್ರ ಮಾರಿದೋರು ತೋರಿಸಿದ ಬಿಲ್ಲಿನಿಂದ ಜಿಎಸ್‌ಟಿ ಪೋರ್ಟಲ್‌ನ್ಯಾಗ ತಯಾರಾಗೋ ನಿಮ್ಮ ಕ್ರೆಡಿಟ್ ಪಟ್ಟಿಯೊಳಗ, ಬಂದದೇನು? ಮಾರಿದಾತ ರಿಟರ್ನ್‌ನ್ಯಾಗ ತೋರಿಸದಿದ್ರ ನಿಮ್ಮ ಕೈಯಾಗಿನ ಬಿಲ್ಲಿಗೆ ಬೆಲೆ ಇಲ್ಲ. ನೀವು ದುಡ್ಡು ಕೊಡದ 180 ದಿನ ದಾಟಿದ್ರೂ ತಗೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕಾಗ್ತದ.

ಕೇಳಿದವರು

ಬಿಲ್ಲು ತೆಗೆದು ನೋಡಿದೆ. ರೆಗ್ಯುಲರೇ ನಮ್ದು, ದುಡ್ಡು ಆರ್‌ಟಿಜಿಎಸ್ ಮಾಡಿದ್ದೆ, ಫರ್ಮ್ ಹೆಸರೂ ಸರಿ ಐತೆ. ಜಿಎಸ್‌ಟಿ ನಂಬರಲ್ಲಿ ಮಾತ್ರ ಒಂದು ಅಂಕಿ ತಪ್ಪು, 3 ಇರೋ ಕಡೆ 8. ಅದಕ್ಕೇ 2ಬಿಯಾಗೆ ಸಿಗ್ತಿಲ್ಲ. ವಾಷಿಂಗ್ ಅಣ್ಣಾ, ನಾಳೆ ಬೆಳಗ್ಗೆ ಅಂಗಡಿಗೆ ಹೋಗ್ತಿದೀನಿ, ಟೀ ಕುಡಿಯಲ್ಲ.