ಸಹಾಯ ಬೇಕು: ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಕೂಲಿಯಾ?

ನಮಸ್ಕಾರ. ಕಾರವಾರದಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನವೆಂಬರ್ 2, ಸತ್ತವರ ಸ್ಮರಣೆಯ ದಿನ ಹತ್ತಿರ ಬಂತಲ್ಲ, ಹಾಗಾಗಿ ಸ್ವರ್ಗದ ಪಾಠ. ಬೈಬಲಿನ ಮತ್ತಾಯ 20ರ ದ್ರಾಕ್ಷಿತೋಟದ ಕಥೆ ಹೇಳಿದೆ. ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ ಸಂಜೆ ಒಂದೇ ತಾಸು ದುಡಿದವನಿಗೂ ಒಂದೇ ಕೂಲಿ. ಬೈತಖೋಲ್ ಬಂದರಿನ ಕಡೆಯ ಹುಡುಗ ಎದ್ದು ನಿಂತ: "ಟೀಚರ್, ನಮ್ಮ ಬೋಟಲ್ಲಿ ಹೀಗೆ ಪಾಲು ಹಾಕಿದ್ರೆ ಗಲಾಟೆನೇ ಆಗ್ತದೆ!"

ಅಲ್ಲಿಗೂ ಬಿಡಲಿಲ್ಲ. ಯಜಮಾನ ಕೊಟ್ಟ ಹಣವನ್ನು ಆಳುಗಳು ಬೆಳೆಸಿದ ಕಥೆ ಇರುವ ಲೂಕ 19 ತೆರೆದು, ಇಲ್ಲಿ ಒಬ್ಬ ಆಳಿಗೆ ಹತ್ತು ಊರು, ಇನ್ನೊಬ್ಬನಿಗೆ ಐದೇ ಊರು ಯಾಕೆ ಅಂದ. ನ್ಯಾಯವಾದ ಪ್ರಶ್ನೆ, ಅಲ್ವಾ? 1 ಕೊರಿಂಥ 3ರಲ್ಲಿ ಪೌಲನೂ ನಮ್ಮ ಕೆಲಸವನ್ನು ಕಟ್ಟಡಕ್ಕೆ ಹೋಲಿಸಿ ಹೇಳುತ್ತಾನೆ: ಕಟ್ಟಿದ್ದು ಬೆಂಕಿಗೆ ತಡೆದರೆ ಸಂಬಳ, ಸುಟ್ಟುಹೋದರೆ ನಷ್ಟ, ಆದರೂ ಕಟ್ಟಿದವನು ಪಾರಾಗುತ್ತಾನೆ.

ಕಥೋಲಿಕರ ಉತ್ತರ ನನಗೆ ಗೊತ್ತು. 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಸೇರಿದ್ದ ಚರ್ಚಿನ ಮಹಾಸಭೆಯ ಪ್ರಕಾರ ಸ್ವರ್ಗ ಸೇರಿದವರೆಲ್ಲ ದೇವರನ್ನು ಕಾಣುತ್ತಾರೆ, ಪುಣ್ಯಕ್ಕೆ ತಕ್ಕಂತೆ ಕೆಲವರು ಜಾಸ್ತಿ ಚೆನ್ನಾಗಿ ಕಾಣುತ್ತಾರೆ. ಆದರೆ ಮಕ್ಕಳಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಕಡಿಮೆ ಕಂಡವನಿಗೆ ಹೊಟ್ಟೆಕಿಚ್ಚು ಆಗಲ್ವಾ ಅಂತ ಕೇಳೇ ಕೇಳುತ್ತಾರೆ.

ಕುಮಟಾ, ಹೊನ್ನಾವರ, ಶಿರಸಿ ಕಡೆ ಪಾಠ ಮಾಡುವವರು ಏನು ಹೇಳುತ್ತೀರಿ? ಪ್ರೊಟೆಸ್ಟೆಂಟ್ ಗೆಳೆಯರೂ ಬರೆಯಿರಿ. ರಕ್ಷಣೆ ಬರೀ ಕೃಪೆಯಿಂದ ಅನ್ನುವಾಗ 2 ತಿಮೊಥೆಯ 4ರಲ್ಲಿ ಪೌಲ ತನಗೆ ನೀತಿಯ ಕಿರೀಟ ಕಾದಿದೆ ಅನ್ನುವ ಮಾತನ್ನು ಹೇಗೆ ವಿವರಿಸುತ್ತೀರಿ? ಉದ್ದುದ್ದ ಫಾರ್ವರ್ಡ್ ಮಾತ್ರ ಬೇಡ, ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಸಾಕು. ಭಾನುವಾರದೊಳಗೆ ಸಿಕ್ಕರೆ ಉಪಕಾರ, ಆ ಹುಡುಗ ಸುಮ್ನೆ ಬಿಡುವವನಲ್ಲ.