ಸಿಲ್ವರಾಡೊ ಟ್ರಕ್ಕಿಗೆ ಮನೆಯಲ್ಲೇ ಎಕ್ಸಾಸ್ಟ್ ಹೆಡರ್ ಜೋಡಣೆ

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ನನ್ನ 2005ರ ಷೆವರ್ಲೆ ಸಿಲ್ವರಾಡೊ ಟ್ರಕ್ಕಿನ 5.3 ಲೀಟರ್ ವಿ8 ಎಂಜಿನ್ನಿಗೆ ಮನೆಯ ಗ್ಯಾರೇಜಿನಲ್ಲಿಯೇ ಶಾರ್ಟಿ ಹೆಡರ್‌ಗಳನ್ನು (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಗಿಡ್ಡ ಕೊಳವೆಗಳ ಜೋಡಣೆ) ಜೋಡಿಸಬೇಕೆಂದಿದ್ದೇನೆ. ಈಗ ಅದೇ ಜಾಗದಲ್ಲಿರುವ ಹಳೆಯ ಮ್ಯಾನಿಫೋಲ್ಡಿನ ಬೋಲ್ಟುಗಳು ತುಕ್ಕು ಹಿಡಿದಿರುವುದರಿಂದ ಬಿಚ್ಚುವಾಗ ಮುರಿದುಹೋಗಬಹುದೆಂಬ ಆತಂಕವಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿಮ್ಮ ಆತಂಕ ಸರಿಯಾದದ್ದೇ, ಈ ಎಂಜಿನ್ನಿನಲ್ಲಿ ತೀರ ಹಿಂಬದಿಯ ಬೋಲ್ಟುಗಳು ಮುರಿಯುವುದು ಸಾಮಾನ್ಯ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿದ ಮೇಲೆ, ಬೋಲ್ಟನ್ನು ಒಮ್ಮೆಲೇ ತಿರುಗಿಸದೆ ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ಆಡಿಸುತ್ತಾ ಸಡಿಲಿಸಿರಿ. ಮುರಿದ ತುಂಡು ಹೊರಚಾಚಿದ್ದರೆ ಅದಕ್ಕೆ ನಟ್ಟೊಂದನ್ನು ವೆಲ್ಡ್ ಮಾಡಿ ತೆಗೆಯುವುದು ಮೇಲು. ಬೋಲ್ಟುಗಳು ಕೂರುವ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಮ್ಮಿನದಾದ್ದರಿಂದ, ಕೊರೆದು ತೆಗೆಯಲು ಹೋಗಿ ಡ್ರಿಲ್ ಸ್ವಲ್ಪ ಜಾರಿದರೂ ರಂಧ್ರದೊಳಗಿನ ತಿರುಪಿನ ಗೆರೆಗಳು ಕೆಡುತ್ತವೆ.

ಉತ್ತರ 2: ಹೊಸ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸಾಗುತ್ತಾ, ಮೊದಲ ಸುತ್ತಿನಲ್ಲಿ 15, ಎರಡನೆಯದರಲ್ಲಿ 25 ನ್ಯೂಟನ್ ಮೀಟರ್‌ನಷ್ಟು ಬಿಗಿಮಾಡಿ. ಹೆಡರ್ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಎಂಜಿನ್ ಕೆಲವು ಸಲ ಕಾದು ತಣ್ಣಗಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಲು ಮರೆಯಬೇಡಿ.

ಉತ್ತರ 3: ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನು ಮಾತ್ರ ತೆಗೆಯಬೇಡಿ, ಹಾಗೆ ತೆಗೆಯುವುದು ಅಮೆರಿಕದ ಕ್ಲೀನ್ ಏರ್ ಕಾಯಿದೆಗೆ ವಿರುದ್ಧ.